ಭಾನುವಾರದ ಟಿಪ್ಸ್

ಶೇಕ್‌ಹ್ಯಾಂಡ್ ಮಾಡುವ ನೆಪದಲ್ಲಿ ಮೋನಿಷಾ ಮಡಿಸಿದ ನೋಟೊಂದನ್ನು ದತ್ತುವಿನ ಅಂಗೈಗೆ ಒತ್ತಿದಳು. ಅಷ್ಟೇ. ಬೆಳಗಿನಿಂದ ನಗುತ್ತಿದ್ದ ಅವನ ಮುಖ ಕಪ್ಪಿಟ್ಟಿತು.

“ಏನ್ರಿ ಇದು?”

“ಟಿಪ್ಸು.”

“ನಾ ಕೇಳಿದ್ನೇನ್ರಿ?”

ಕೆ.ಆರ್. ಪುರಂ ಆಚೆಗಿನ ಕೆರೆಯ ಏರಿಯ ಮೇಲೆ ಇಬ್ಬರೇ ನಿಂತಿದ್ದರು. ಅವನು ಅವಳಿಗೆ ಗಾಳ ಎಸೆಯುವುದನ್ನು ಕಲಿಸಿದ್ದ. ಕೋಲು ಹಿಡಿದ ಅವಳ ಮಣಿಕಟ್ಟನ್ನು ಒಂದೇ ಬೆರಳಿನಿಂದ, ಮುಟ್ಟಿಯೂ ಮುಟ್ಟದಂತೆ ತಿದ್ದಿದ್ದ. ಅವಳು ಬೇಕೆಂದೇ ಮತ್ತೆ ತಪ್ಪಾಗಿ ಹಿಡಿದಿದ್ದಳು. ಅದು ಅವನಿಗೂ ತಿಳಿದು, ನಗು ಮುಚ್ಚಿಕೊಳ್ಳಲು ನೀರಿನ ಕಡೆ ತಿರುಗಿದ್ದ.

ಇಂದಿರಾನಗರದಲ್ಲಿ ಅಹ್ಮದ್ ಪಾಷಾ ಅವರದೊಂದು ಸಣ್ಣ ಆಫೀಸು. ರಜೆಯ ದಿನ ಮೀನು ಹಿಡಿಯುವ ಹುಚ್ಚಿದ್ದ ಕಂಪನಿ ಜನರಿಗೆ ಅಲ್ಲಿಂದ ಗೈಡ್ ಗೊತ್ತು ಮಾಡಿಕೊಡುತ್ತಿದ್ದರು. ಫೋನ್ ಎತ್ತುವವಳು ಮೋನಿಷಾ. ಗೈಡ್ ದತ್ತು, ರಾಯಚೂರಿನ ಕಡೆ ಕೃಷ್ಣೆಯ ದಡದಲ್ಲಿ ಬೆಳೆದವನು, ಈಗ ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ ಅವ್ವನ ಜೊತೆ ಇದ್ದ. ಗೈಡಿಗೆ ಟಿಪ್ಸ್ ಹೇಗೆ ಕೊಡಬೇಕೆಂದು ಕೇಳುವ ಗಿರಾಕಿಗಳಿಗೆಲ್ಲ ಅವಳದು ಒಂದೇ ಮಾತು: “ಮೀನು ಸಿಗ್ಲಿ ಬಿಡ್ಲಿ, ಹೊರಡುವಾಗ ಕೈ ಕುಲುಕಿ ಕೈಗೇ ಕೊಡಿ ಸರ್. ಎಲ್ಲರೆದುರು ಬೇಡ.”

ಇವತ್ತು ತಾನೂ ಹಾಗೇ ಮಾಡಿದ್ದಳು. ತನಗೋಸ್ಕರ ಅವನು ಒಬ್ಬ ಗಿರಾಕಿಯನ್ನೇ ಬಿಟ್ಟಿದ್ದ ಸಂಗತಿ ಅವಳಿಗೆ ಗೊತ್ತಿತ್ತು.

“ನಿಮ್ಗೆ ಲಾಸ್ ಆಗ್ಬಾರ್ದು ಅಂತ...”

“ಇವತ್ತು ನಾ ಯಾರ ಗೈಡೂ ಅಲ್ರಿ!”

ನೋಟನ್ನು ಅವಳ ಬ್ಯಾಗಿಗೆ ತುರುಕಿ, ಕೋಲುಗಳನ್ನು ಹೆಗಲಿಗೇರಿಸಿ, ತಿರುಗಿಯೂ ನೋಡದೆ ಹೊರಟುಹೋದ.

ಜೀವನ್ ಬಿಮಾ ನಗರದ ಮನೆ ಸೇರುವವರೆಗೂ ಮೋನಿಷಾಳ ಕಿವಿ ಸುಡುತ್ತಿತ್ತು. ಒಳ್ಳೆಯದು ಮಾಡಹೋದರೆ ಹೀಗಾ? ಅಮ್ಮ ಯಶೋದಮ್ಮ ಏನಾಯಿತೆಂದು ಕೇಳಿದರೆ, ಪಾತ್ರೆಗಳ ಸದ್ದೇ ಉತ್ತರ.

ಮುಂದಿನ ವಾರ ಫ್ಯಾಕ್ಟರಿ ಮ್ಯಾನೇಜರ್ ಒಬ್ಬ ಆಫೀಸಿಗೆ ಬಂದು ಕೂಗಾಡಿದ. ದಿನವಿಡೀ ಕೂತರೂ ಒಂದು ಮೀನೂ ಸಿಗಲಿಲ್ಲವಂತೆ. ತನ್ನ ಕೈಜಾರಿ ನೀರಿಗೆ ಬಿದ್ದ ಕೋಲನ್ನು ದತ್ತು ಮುಳುಗಿ ತಂದುಕೊಟ್ಟದ್ದನ್ನೂ ಅವನೇ ಹೇಳಿದ, ಜೋಕಿನ ಹಾಗೆ.

“ಟೀ ಕುಡಿ ಅಂತ ಚಿಲ್ಲರೆ ಎಸೆದೆ. ಎತ್ಕೊಳ್ಳಲಿಲ್ಲ ಕಣ್ರೀ. ಏನ್ ಕೊಬ್ಬು!”

ಮೋನಿಷಾ ಎದ್ದು ನಿಂತಳು.

“ಟಿಪ್ಸ್ ಕೊಡೋದು ಬಿಡೋದು ನಿಮ್ಮಿಷ್ಟ ಸರ್. ಎಸಿಯೋಕೆ ಅವ್ರೇನು ಭಿಕ್ಷೆ ಬೇಡಿದ್ರಾ? ನಿಮ್ಗೋಸ್ಕರ ನೀರಿಗಿಳಿದಿದ್ದಾರೆ. ಹೋಗಿ ಸಾರಿ ಕೇಳಿ, ಕೈಗೆ ಕೊಡಿ!”

ಆ ಮನುಷ್ಯ ಬಾಗಿಲು ಬಡಿದುಕೊಂಡು ಹೋದ. ಪಾಷಾ ತಲೆ ಹಿಡಿದುಕೊಂಡರು. “ಅರೇ ಬೇಟಿ, ಅವ್ನ ಹಿಂದೆ ಇಡೀ ಕಂಪನಿನೇ ಹೋಯ್ತಲ್ಲ! ಇನ್ನೊಂದ್ಸಲ ಹಿಂಗಾದ್ರೆ ನೀನೂ ಮನೇಗೇ.”

ಮರುದಿನ ಸಂಜೆ ಆಫೀಸಿನ ಮೆಟ್ಟಿಲಿಳಿದರೆ, ಕೆಳಗೆ ದತ್ತು. ಸುದ್ದಿ ಮುಟ್ಟಿತ್ತು. ಕಣ್ಣು ಕೆಂಪಗಿದ್ದವು.

“ನನ್ನ ಸಲುವಾಗಿ ಬೇಡಾಕ ಯಾರ್ ಹೇಳ್ಯಾರ್ರಿ ನಿಮಗ? ನೌಕರಿ ಹೋಗಿದ್ರ?”

ಮೋನಿಷಾಗೆ ರೇಗಿಹೋಯಿತು. “ಕೊಟ್ರೂ ಕೋಪ, ಕೊಡಿ ಅಂದ್ರೂ ಕೋಪ! ನಿಮ್ಗೇನ್ ಬೇಕು ಹೇಳ್ರೀ ಮೊದ್ಲು!”

“ನಿಮ್ಮ ಕೈಯಿಂದ ನನಗ ರೊಕ್ಕ ಬರಬಾರದು.”

“ಮತ್ತಿನ್ನೇನ್ ಬರ್ಬೇಕು?”

“ನೀವ ಬರಬೇಕ್ರಿ!”

ಕೂಗಿದ ಮೇಲೆಯೇ ತಾನು ಏನು ಕೂಗಿದೆನೆಂದು ಅವನಿಗೆ ಅರಿವಾದದ್ದು. ಪಕ್ಕದ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ. ಅವಳು ಅವನನ್ನೇ ನೋಡಿದಳು: ಬಿಸಿಲಿಗೆ ಸುಲಿದ ಮೂಗು, ಸಿಟ್ಟು ಇಳಿದರೂ ಬಿಗಿದೇ ಇದ್ದ ದವಡೆ.

“ಇದನ್ನ ಕೆರೆ ಹತ್ರಾನೇ ಹೇಳೋಕೆ ಏನ್ ರೋಗ?” ಎಂದಳು.

“ಹೇಳಾಕಂತ ಬಾಯಿ ತೆಗೆದಿದ್ದೆ. ನೀವು ನೋಟು ಕೊಟ್ರಿ. ನಾ ನಿಮಗ ಬರೇ ಕೆಲಸದಾಂವ ಅನಿಸ್ತು.”

ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

“ಕೆಲ್ಸದವ್ನು ಅಂದ್ಕೊಂಡಿದ್ರೆ ನಿಮ್ಗೋಸ್ಕರ ಯಾಕ್ರೀ ಬಾಯ್ ಮಾಡ್ತಿದ್ದೆ? ಅಷ್ಟೂ ಗೊತ್ತಾಗಲ್ವಾ?” ಕಣ್ಣೊರೆಸಿಕೊಂಡು ಅವನ ತೋಳು ಹಿಡಿದಳು. “ನಡೀರಿ ಈಗ.”

“ಎಲ್ಲಿಗ್ರಿ?”

“ಬಾಯಿ ಮುಚ್ಕೊಂಡ್ ನಡೀರಿ. ನಾನಿನ್ನೂ ಕೋಪದಲ್ಲಿದೀನಿ.”

“ನಾನೂ ಅದೀನ್ರಿ.”

ಆದರೂ ತೋಳು ಬಿಡಿಸಿಕೊಳ್ಳಲಿಲ್ಲ. ರಸ್ತೆ ದಾಟುವಾಗ ಅವನು ಅವಳನ್ನು ವಾಹನಗಳಿಲ್ಲದ ಬದಿಗೆ ಸರಿಸಿಕೊಂಡ. ಅವಳ ಬೆರಳುಗಳು ತೋಳಿನಿಂದ ಜಾರಿ ಅವನ ಅಂಗೈಯೊಳಗೆ ಸೇರಿಕೊಂಡವು.

ಬಾಗಿಲು ತೆರೆದ ಯಶೋದಮ್ಮ ಎರಡು ಗಂಟುಮುಖಗಳನ್ನೂ ನೋಡಿ ಗಾಬರಿಯಾದರು. “ಯಾರೇ ಇವ್ರು? ಏನಾದ್ರೂ ಜಗಳಾನಾ?”

“ಹೂಂ ಅಮ್ಮ, ದೊಡ್ಡ ಜಗಳ,” ಎಂದಳು ಮೋನಿಷಾ, ಕೈ ಬಿಡದೆ. “ಇವ್ರನ್ನೇ ನಾನು ಮದ್ವೆ ಆಗೋದು.”