ಎವೆಲಿಯೊನನ್ನು ಬೈಯುವ ಭಾನುವಾರ

"ಎಡಗೈ ಎವೆಲಿಯೊನಾ? ಬಿಡ್ರಿ, ಅವನೊಬ್ಬ ಹೇಡಿ!"

ದಯಾಮಿಯ ಕಾಲು ಅಲ್ಲೇ ನಿಂತಿತು.

ಅವಳ ಎರಡೂ ಅಂಗೈಗಳ ಮೇಲೆ ಒಂದು ರಟ್ಟು, ರಟ್ಟಿನ ಮೇಲೆ ನೀಲಿ ಕ್ರೀಮಿನ ದೊಡ್ಡ ಕೇಕು. ಯಾರದೋ ಮಗಳ ಹುಟ್ಟುಹಬ್ಬಕ್ಕೆ ಬೇಗ ತಲುಪಿಸಬೇಕಿತ್ತು. ಲಿಬರ್ತಾದ್ ಪಾರ್ಕಿನೊಳಗಿಂದ ಹೋದರೆ ದಾರಿ ಹತ್ತಿರವೆಂದು ಬಂದಿದ್ದಳು. ಇಲ್ಲದಿದ್ದರೆ ಭಾನುವಾರ ಸಂಜೆ ಆ 'ಬಿಸಿ ಮೂಲೆ'ಯ ಕಡೆ ತಲೆ ಹಾಕುವವಳೇ ಅಲ್ಲ.

ನಮ್ಮ ಮತಾನ್ಸಾಸ್ ಊರಿನ ಗಂಡಸರಿಗೆ ಮನೆಯಲ್ಲಿ ಬಾಯಿಲ್ಲ. ವಾರವೆಲ್ಲ ನುಂಗಿಕೊಂಡ ಮಾತನ್ನು ಭಾನುವಾರ ಆ ಮೂಲೆಗೆ ತಂದು ಸುರಿಯುತ್ತಾರೆ. ಬೇಸ್‌ಬಾಲಿನಲ್ಲಿ ಇದುವರೆಗೆ ಬಂದವರಲ್ಲೆಲ್ಲ ದೊಡ್ಡ ಪಿಚರ್, ಅಂದರೆ ಚೆಂಡೆಸೆಯುವವನು, ಯಾರು? ಅಜ್ಜಂದಿರ ಕಾಲದಿಂದಲೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಸಿಗುವುದು ಯಾರಿಗೂ ಬೇಕಾಗಿಯೂ ಇಲ್ಲ!

ಕೂಗುತ್ತಿದ್ದವನು ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಊರಿನ ಬ್ಯಾಂಡಿನ ಬಿಳಿ ಅಂಗಿ, ಕಾಲ ಬಳಿ ಟ್ರಂಪೆಟ್ಟಿನ ಪೆಟ್ಟಿಗೆ.

"ಫೈನಲ್ ಪಂದ್ಯ! ನಾವೇ ಮುಂದಿದ್ವಿ! ಇನ್ನೊಂದೇ ಇನ್ನಿಂಗ್ಸ್ ಎಸೆದಿದ್ರೆ ಕಪ್ ನಮ್ಮದು! ಇವನೇನ್ ಮಾಡ್ದ? ಯಾರೂ ಕರೀದೇನೇ ಚೆಂಡನ್ನ ಇನ್ನೊಬ್ಬನ ಕೈಗೆ ಕೊಟ್ಟು ಎಸೆಯೋ ದಿಬ್ಬ ಇಳಿದು ಹೋದ. ಅದಕ್ಕೆ ಹೇಡಿತನ ಅನ್ನದೆ ಇನ್ನೇನಂತೀರಿ?"

ದಯಾಮಿಯ ಮೈಯೆಲ್ಲ ಉರಿಯಿತು.

"ಕೆಳಗಿಳೀರಿ ಮೊದ್ಲು!"

ಎಲ್ಲರೂ ತಿರುಗಿ ನೋಡಿದರು. ಆ ಮೂಲೆಯಲ್ಲಿ ಹೆಣ್ಣಿನ ದನಿ ಕೇಳುವುದು ಅಪರೂಪ.

"ನನಗಾ ಹೇಳಿದ್ದು?" ಅವನು ಕಣ್ಣರಳಿಸಿದ.

"ನಿಮಗೇ! ಆ ಪಂದ್ಯ ಆದಾಗ ನಿಮಗೆಷ್ಟು ವಯಸ್ಸು? ಚಡ್ಡಿ ಗುಂಡಿ ಹಾಕ್ಕೊಳ್ಳೋಕಾದ್ರೂ ಬರ್ತಿತ್ತಾ? ಆ ಮನುಷ್ಯ ಯಾಕೆ ಇಳಿದು ಹೋದ್ರು ಅಂತ ನಿಮಗೇನ್ರೀ ಗೊತ್ತು? ಹನ್ನೆರಡು ವರ್ಷ ಈ ಊರಿಗೋಸ್ಕರ ಕೈ ಸವೆಸಿದ್ದಾರೆ. ಅವರ ಹೆಸರೆತ್ತೋ ಮುಂಚೆ ಬಾಯಿ ತೊಳ್ಕೊಂಡು ಬನ್ನಿ!"

ಹೇಳುವ ಭರದಲ್ಲಿ ಒಂದು ಕೈ ಎತ್ತಿ ಬೆರಳು ತೋರಿಸಿಯೇಬಿಟ್ಟಳು. ಅಯ್ಯೋ... ಕೇಕು ವಾಲಿತು!

ಅವನು ಬೆಂಚಿನಿಂದ ಹಾರಿದ. ಎರಡೂ ಕೈಯಿಂದ ರಟ್ಟನ್ನು ಹಿಡಿದ. ಕೇಕು ಉಳಿಯಿತು. ಬಿಳಿ ಅಂಗಿಯ ಎದೆಯ ಮೇಲೆ ಮಾತ್ರ ಅಂಗೈಯಗಲ ನೀಲಿ ಕ್ರೀಮು ಮೆತ್ತಿಕೊಂಡಿತು.

ಪಾರ್ಕಿಗೆ ಪಾರ್ಕೇ ನಕ್ಕಿತು. ಆಮೇಲೆ ಅವನೂ ನಕ್ಕ.

"ನೋಡಿ, ನಾನು ಕೊನೇವರೆಗೂ ಕೈ ಬಿಡ್ಲಿಲ್ಲ. ಎವೆಲಿಯೊಗೂ ಸ್ವಲ್ಪ ಹೇಳ್ಕೊಡಿ!"

ಬೆಂಕಿಗೆ ತುಪ್ಪ ಸುರಿದಂತಾಯಿತು. 'ಅವರು ನಮ್ಮಪ್ಪ ಕಣೋ!' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎವೆಲಿಯೊನ ಮಗಳು ಎಂದು ಊರಲ್ಲಿ ಹೇಳಿಕೊಳ್ಳಬಾರದೆಂದು ಅಪ್ಪನೇ ಆಣೆ ಹಾಕಿಸಿದ್ದ. ದಯಾಮಿ ರಟ್ಟನ್ನು ಕಿತ್ತುಕೊಂಡು ಹೊರಟಳು.

"ರೀ... ಮುಂದಿನ ಭಾನುವಾರನೂ ಬನ್ನಿ! ನನ್ನ ಹೆಸರು ಯೋಸ್ವಾನಿ! ಇಷ್ಟು ಚೆನ್ನಾಗಿ ಬೈಯೋರು ಇಲ್ಲಿ ಯಾರೂ ಇಲ್ಲ!"

ಎಂಥ ನಾಚಿಕೆಗೆಟ್ಟವನು! ಆದರೂ ಆ ನಗುವಿನಲ್ಲಿ ಕುಹಕವಿರಲಿಲ್ಲ. ಬಹುದಿನದಿಂದ ಕಾಯುತ್ತಿದ್ದ ನೆಂಟರು ಬಂದಾಗ ನಗುವಂತೆ ನಕ್ಕಿದ್ದ. ಯಾಕೆ?

* * *

ಮನೆಯಲ್ಲಿ ಎವೆಲಿಯೊ ಕಿಟಕಿಯ ಬಳಿ ಕೂತು ಬಲಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದು ಕಾಲದಲ್ಲಿ ಊರೇ ಎದ್ದು ನಿಂತು ನೋಡುತ್ತಿದ್ದ ಎಡಗೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ.

"ಅಪ್ಪಾ, ಪಾರ್ಕಲ್ಲಿ ಇವತ್ತು ನಿನ್ನ ಮಾತು ಬಂತು."

"ಹೂಂ. ಏನಂದ್ರು?"

"ಎಲ್ರೂ ಹೊಗಳಿದ್ರು. ಒಬ್ರೂ ಕೆಟ್ಟ ಮಾತಾಡ್ಲಿಲ್ಲ."

ಎವೆಲಿಯೊ ಮಗಳ ಮುಖ ನೋಡಿ ನಕ್ಕ. "ಹಾಗಾದ್ರೆ ಸುಳ್ಳು ಹೇಳ್ತಿದೀಯ ಮಗಳೇ. ಆ ಮೂಲೇಲಿ ಬೈಗುಳ ಇಲ್ದೆ ಯಾರನ್ನೂ ನೆನೆಸ್ಕೊಳ್ಳಲ್ಲ. ಇಪ್ಪತ್ತೈದು ವರ್ಷ ಆಯ್ತು... ನನ್ನ ಮರೆತಿದಾರೆ, ಬಿಡು. ಓಲ್ಗೀನ್ ಊರಿಗೆ ಹೋಗೋಣ. ನಿಮ್ಮತ್ತೆ ಕರೀತಾನೇ ಇದಾಳೆ. ಅಲ್ಲಿ ನಾನ್ಯಾರು ಅಂತ ಯಾರಿಗೂ ಗೊತ್ತಿಲ್ಲ. ಇಲ್ಲೂ ಅಷ್ಟೇ. ಆದ್ರೆ ಇಲ್ಲಿ ನೋವಾಗುತ್ತೆ."

ದಯಾಮಿ ತಿರುಗಿ ಕಾಫಿ ಕಾಸಲು ಹೋದಳು. ತನ್ನ ಕೇಕಿನ ಒಲೆ, ಗಿರಾಕಿಗಳು, ಕೊಲ್ಲಿಯ ಗಾಳಿ ಎಲ್ಲವನ್ನೂ ಬಿಡಬೇಕು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಸೋತವನಂತೆ ಈ ಊರು ಬಿಡಬೇಕು.

ಆದ್ದರಿಂದಲೇ ಮುಂದಿನ ಭಾನುವಾರವೂ ಅವಳು ಪಾರ್ಕಿಗೆ ಹೋದಳು. ಅದರ ಮುಂದಿನ ಭಾನುವಾರವೂ.

ಯೋಸ್ವಾನಿ ಬೈಯುತ್ತಿದ್ದ. ಅವಳು ತಿರುಗಿ ಬೈಯುತ್ತಿದ್ದಳು. ಮೂಲೆಯ ಹಿರಿಯ, ಸದಾ ಆರಿದ ಚುಟ್ಟಾ ಕಚ್ಚಿಕೊಂಡಿರುವ ಸೆಲೆಸ್ತಿನೊ ತಾತ ಅವಳ ಪಕ್ಷ. ಉಳಿದವರೂ ಅವಳ ಪಕ್ಷವೇ. ಆದರೆ ಹತ್ತು ಜನರ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ, ಒಬ್ಬನದೇ ಬೀಳುತ್ತಿತ್ತು. ಇದು ಯಾವ ರೋಗದ ಲಕ್ಷಣ ಎಂದು ಓದುವ ನಿಮಗೆ ಗೊತ್ತಾಗಿರುತ್ತದೆ, ಅವಳಿಗೆ ಮಾತ್ರ ಗೊತ್ತಿರಲಿಲ್ಲ!

ಜಗಳ ಮುಗಿದ ಮೇಲೆ ಅವನು ಕೇಕಿನ ಇನ್ನೊಂದು ತುದಿ ಹಿಡಿದು ಗಿರಾಕಿಯ ಮನೆವರೆಗೂ ಬರುತ್ತಿದ್ದ. ದಾರಿಯಲ್ಲಿ ಪೇರಲೆಹಣ್ಣಿನ ಪಫ್ ಕೊಡಿಸುತ್ತಿದ್ದ. ಸತ್ತುಹೋದ ತನ್ನ ತಾಯಿಯ ಮಾತಾಡುತ್ತಿದ್ದ, ಅರ್ಧಕ್ಕೇ ನಿಲ್ಲಿಸುತ್ತಿದ್ದ.

'ಎಷ್ಟು ಒಳ್ಳೆಯವನು... ಅಪ್ಪನ ವಿಷಯದಲ್ಲಿ ಮಾತ್ರ ಯಾಕಿಷ್ಟು ವಿಷ?'

ಒಂದು ಸಂಜೆ ಸಾನ್ ಹ್ವಾನ್ ನದಿಯ ಸೇತುವೆಯ ಮೇಲೆ ಅವನು ನಿಂತುಬಿಟ್ಟ.

"ದಯಾಮಿ... ಟ್ರಂಪೆಟ್ ಊದೋನಿಗೆ ಉಸಿರಿಗೆ ಬರ ಇರಬಾರ್ದು. ಆದ್ರೆ ನೀವು ಎದುರಿಗೆ ಬಂದ್ರೆ ನನಗೆ ಉಸಿರೇ ಸಾಲಲ್ಲ. ನನ್ನ ಮದುವೆ ಆಗ್ತೀರಾ?"

'ಹೂಂ' ಎನ್ನಲು ಅವಳ ತುಟಿ ತೆರೆಯಿತು... ಮರುಗಳಿಗೆಯೇ ಗುಂಡಿ ಹಾಕಿಕೊಳ್ಳಲು ಒದ್ದಾಡುವ ಅಪ್ಪನ ಕೈ ಕಣ್ಣ ಮುಂದೆ ಬಂತು.

"ಹೇಡಿಯ ಮಗಳನ್ನ ಮದುವೆ ಆಗ್ತೀರಾ ಯೋಸ್ವಾನಿ?"

"ಅಂದ್ರೆ?"

"ನಾನು ಎವೆಲಿಯೊ ಕಾಬ್ರಾಲೆಸ್ ಮಗಳು. ನೀವು ವಾರವಾರ ಪಾರ್ಕಲ್ಲಿ ಮಾನ ಕಳೀತೀರಲ್ಲ, ಆ ಮನುಷ್ಯನ ಮಗಳು! ಅಪ್ಪ ಹಟ ಬಿಡ್ಲಿಲ್ಲ, ಬರೋ ಭಾನುವಾರ ನಾವು ಊರೇ ಬಿಟ್ಟು ಹೋಗ್ತಿದೀವಿ. ನಿಮಗಿನ್ನು ಸಮಾಧಾನವಾಗ್ಲಿ!"

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಅಯ್ಯೋ, ಹಾಗಲ್ಲ... ಒಂದು ನಿಮಿಷ ಕೇಳಿ..."

ಅವಳು ಕೇಳಲಿಲ್ಲ. ಎದುರಿಗೆ ಬಂದ ಹಳೆಯ ಬಾಡಿಗೆ ಕಾರಿನಲ್ಲಿ ನಾಲ್ಕು ಜನರ ನಡುವೆ ತೂರಿಕೊಂಡು ಬಾಗಿಲು ಎಳೆದುಕೊಂಡಳು. ಆ ವಾರವಿಡೀ ಅವನು ಮನೆ ಬಾಗಿಲಿಗೆ ಬಂದ, ಅವಳು ಬಾಗಿಲು ತೆರೆಯಲಿಲ್ಲ. ಒಳಗೆ ಕೂತು ಅತ್ತಳು. ನಿಜ ಹೇಳಬೇಕೆಂದರೆ ಅಪ್ಪನಿಗಾಗಿ ಅರ್ಧ, ಅವನಿಗಾಗಿ ಅರ್ಧ.

* * *

ಭಾನುವಾರ ಬಂತು. ಕೈಯಲ್ಲಿ ಎರಡು ಚೀಲ. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಪಾರ್ಕಿನ ಮೇಲೆ ಹೋಗೋಣ ಮಗಳೇ. ಒಂದ್ಸಲ ನೋಡ್ಬೇಕು."

"ಬೇಡಪ್ಪಾ! ಅಲ್ಲಿ..."

"ಬೈತಾರೆ ಅಂತಾನಾ? ಬೈಲಿ. ಬೈಸ್ಕೊಂಡಾದ್ರೂ ಹೋಗೋಣ."

ಎವೆಲಿಯೊ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಮೂಲೆಯಿಂದ ಸ್ವಲ್ಪ ದೂರ ಮರದ ಹಿಂದೆ ನಿಂತ. ಬಿಸಿ ಮೂಲೆ ಎಂದಿನಂತೆ ಕುದಿಯುತ್ತಿತ್ತು. ಒಬ್ಬ ತನ್ನಪ್ಪನ ಕಾಲದ ಪಿಚರ್‌ನ ಹೆಸರು ಹೇಳಿದ, ಇನ್ನೊಬ್ಬ ಮೊನ್ನೆ ಬಂದ ಹುಡುಗನ ವೇಗ ಹೊಗಳಿದ, ಮೂರನೆಯವನು ಇಬ್ಬರಿಗೂ ಛೀಮಾರಿ ಹಾಕಿದ. ಸತ್ತವರ ಹೆಸರು ಬಂತು, ದೇಶ ಬಿಟ್ಟವರ ಹೆಸರು ಬಂತು.

ಎವೆಲಿಯೊನ ಹೆಸರು ಬರಲಿಲ್ಲ.

ಅಪ್ಪನ ಕತ್ತು ನಿಧಾನವಾಗಿ ಬಾಗುವುದನ್ನು ದಯಾಮಿ ನೋಡಿದಳು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ...

ಯೋಸ್ವಾನಿ ಆಚೆ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತಿದ್ದ. ತಲೆ ಎತ್ತಿರಲಿಲ್ಲ, ಬಾಯಿ ಬಿಟ್ಟಿರಲಿಲ್ಲ. ದಯಾಮಿ ತಡೆಯಲಾರದೆ ಸೆಲೆಸ್ತಿನೊ ತಾತನ ಪಕ್ಕಕ್ಕೆ ಹೋದಳು.

"ತಾತ, ಇವತ್ತು ಯಾಕೆ ಯಾರೂ ಎವೆಲಿಯೊ ಹೆಸರೆತ್ತಲಿಲ್ಲ?"

"ಯಾರು ಎತ್ತುತ್ತಾರೆ ಮಗಳೇ? ಎತ್ತೋನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾನಲ್ಲ!"

"ಬೈಯೋನು ಅನ್ನಿ."

"ಬೈಯೋನೇ!" ತಾತ ಚುಟ್ಟಾ ತೆಗೆದ. "ಇಲ್ಲಿ ಯಾರನ್ನಾದ್ರೂ ಹೊಗಳು, 'ಹೌದಪ್ಪ ಹೌದು' ಅಂತಾರೆ. ಮಾತು ಅಲ್ಲಿಗೆ ಮುಗೀತು. ಈ ಹುಡುಗನೂ ಮೊದ್ಲು ಎವೆಲಿಯೊನ ಹೊಗಳ್ತಾನೇ ಇದ್ದ, ಪಾಪ. ಯಾರೂ ಕಿವಿ ಕೊಡ್ಲಿಲ್ಲ. ಒಂದಿನ ರೋಸಿಹೋಗಿ 'ಅವನು ಹೇಡಿ' ಅಂದ ನೋಡು... ಪಾರ್ಕೇ ಎದ್ದು ನಿಂತ್ಕೊಂಡು ಇವನನ್ನ ಹೊಡೆಯೋಕೆ ಹೋಯ್ತು! ಆವತ್ತಿಂದ ಇವನಿಗೆ ಅದೇ ಕೆಲ್ಸ. ಇವನು ಬೈತಾನೆ, ನಾವು ಜಗಳ ಕಾಯ್ತೀವಿ. ಮನೆಗೆ ಹೋಗೋವಾಗ ಎಲ್ರ ಬಾಯಲ್ಲೂ ಎವೆಲಿಯೊನೇ. ನಿನಗೆ ಗೊತ್ತಿಲ್ವಾ? ನೀನೂ ಆಟ ಆಡ್ತಿದೀಯ ಅಂದ್ಕೊಂಡಿದ್ದೆ!"

ದಯಾಮಿ ಯೋಸ್ವಾನಿಯ ಕಡೆ ತಿರುಗಿದಳು.

ಅವನ ಆ ನಗು... ಕಾಯುತ್ತಿದ್ದ ನೆಂಟರನ್ನು ಕಂಡಂಥ ನಗು! ಎವೆಲಿಯೊನ ಪರವಾಗಿ ಇಷ್ಟು ಜೋರಾಗಿ ಜಗಳಾಡುವವರು ಸಿಕ್ಕರಲ್ಲ ಎಂದು ನಕ್ಕಿದ್ದ. ಬಾಗಿಲಾಚೆ ನಿಂತು ವಾರವೆಲ್ಲ ಇದನ್ನೇ ಹೇಳಲು ಬಂದಿದ್ದ. ತಾನು ಕೇಳಲಿಲ್ಲ.

"ನಡಿ ಮಗಳೇ." ಅಪ್ಪ ಹಿಂದೆಯೇ ಬಂದು ನಿಂತಿದ್ದ. ಚೀಲ ಕೈಗೆತ್ತಿಕೊಂಡಿದ್ದ. "ಹೇಳಿರಲಿಲ್ವಾ ನಾನು? ಬಸ್ಸಿಗೆ ಹೊತ್ತಾಯ್ತು."

ಅವಳು ಅಪ್ಪನನ್ನು ನೋಡಿದಳು. ಯೋಸ್ವಾನಿಯನ್ನು ನೋಡಿದಳು. ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಹತ್ತಿದಳು.

'ಕ್ಷಮಿಸಪ್ಪಾ...'

"ಎಡಗೈ ಎವೆಲಿಯೊ ಒಬ್ಬ ಹೇಡಿ!"

ಯೋಸ್ವಾನಿ ಗಕ್ಕನೆ ತಲೆಯೆತ್ತಿದ.

ಆಮೇಲೆ ಶುರುವಾಯಿತು ನೋಡಿ!

"ಏನಂದೆ? ಇಳಿಯೇ ಕೆಳಗೆ!"

"ಹೇಡಿ ಅಂತೆ! ಮಳೇಲಿ ಜ್ವರ ಇಟ್ಕೊಂಡು ಎಸೆದು ಗೆಲ್ಸಿದ್ದನ್ನ ನಾನು ಈ ಕಣ್ಣಲ್ಲಿ ನೋಡಿದೀನಿ!"

"ನನ್ನ ಮಗನಿಗೆ ಎವೆಲಿಯೊ ಅಂತಾನೇ ಹೆಸರಿಟ್ಟಿದೀನಿ ಕಣೇ!"

"ಆವತ್ತು ಅವನ ಕೈ ಸತ್ತುಹೋಗಿತ್ತು!" ಸೆಲೆಸ್ತಿನೊ ತಾತನ ದನಿ ಎಲ್ಲರನ್ನೂ ಮೀರಿತು. "ನಾನು ಬೇಲಿ ಪಕ್ಕದಲ್ಲೇ ಇದ್ದೆ. ಅಂಪೈರ್ ಕೊಟ್ಟ ಚೆಂಡು ಬೆರಳಿಂದ ಜಾರಿ ಬಿತ್ತು. ಹಿಂದಿನ ಎಸೆತ ಎದುರು ತಂಡದ ಒಬ್ಬ ಹುಡುಗನ ಮೊಣಕೈಗೆ ಬಡಿದಿತ್ತು. ಇನ್ನೊಂದು ಎಸೆದಿದ್ರೆ ಯಾರದಾದ್ರೂ ತಲೆಗೆ ಬೀಳ್ತಿತ್ತು. ಕಪ್ ಹೋದ್ರೆ ಹೋಗ್ಲಿ, ಒಂದು ಜೀವ ಉಳೀಲಿ ಅಂತ ಇಳಿದು ಹೋದ. ಅದು ಹೇಡಿತನವಾ? ಈ ಊರಲ್ಲಿ ಅಂಥ ಇನ್ನೊಬ್ಬ ಗಂಡಸು ಇದ್ರೆ ತೋರ್ಸು!"

"ಹೌದು! ಹೌದು!"

ಜನರ ಹಿಂದಿನಿಂದ ಒಂದು ಬಿಕ್ಕು ಕೇಳಿಸಿತು.

ಟೋಪಿ ತೆಗೆದು ಹಿಡಿದ ಮುದುಕನೊಬ್ಬ ನಿಂತಿದ್ದ. ಎಡಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಮೊದಲು ಗುರುತು ಹಿಡಿದವನು ಸೆಲೆಸ್ತಿನೊ ತಾತ. ಬಾಯಿಯಿಂದ ಚುಟ್ಟಾ ಬಿದ್ದೇಹೋಯಿತು.

"ಅಯ್ಯೋ ದೇವರೇ... ಎವೆಲಿಯೊ!"

"ನಿಮಗೆಲ್ಲಾ ಗೊತ್ತಿತ್ತಾ?" ಎವೆಲಿಯೊನ ದನಿ ಒಡೆಯಿತು. "ನಾನು ಯಾರಿಗೂ ಹೇಳಿರ್ಲಿಲ್ಲ. ಸೋತ ಮೇಲೆ ಕಾರಣ ಹೇಳಿದ್ರೆ ಭಿಕ್ಷೆ ಬೇಡಿದ ಹಾಗಾಗುತ್ತೆ ಅಂತ... ನಿಮಗೆ ಗೊತ್ತಿತ್ತಾ?"

ಸೆಲೆಸ್ತಿನೊ ತಾತ ಹೌದೆಂದು ತಲೆಯಾಡಿಸಿದ.

ಯೋಸ್ವಾನಿ ಮುಂದೆ ಬಂದು ಎವೆಲಿಯೊನೆದುರು ನಿಂತ. ವಾರವಾರ ಗಂಟಲು ಹರಿಯುವಂತೆ ಕೂಗುತ್ತಿದ್ದವನು ಈಗ ಮೆಲ್ಲಗೆ ಶುರುಮಾಡಿದ.

"ಅಪ್ಪಾಜಿ... ಹೇಡಿ ಅಂತಿದ್ದೋನು ನಾನೇ. ನಮ್ಮಮ್ಮ ಕಾಯಿಲೆಯಿಂದ ಮಲಗಿದ್ದಾಗ ಪಕ್ಕದ ಮನೆ ರೇಡಿಯೋ ಕೇಳ್ಲಿ ಅಂತ ಕಿಟಕಿ ಹತ್ರ ಮಂಚ ಎಳೆಸ್ಕೊಳ್ತಿದ್ಲು. ನೀವು ಎಸೆಯೋ ದಿನ ಮಾತ್ರ ನಗ್ತಿದ್ಲು. ನೀವು ಇಳಿದು ಹೋದ ದಿನ ಬೀದಿಯವರೆಲ್ಲ ಶಾಪ ಹಾಕಿದ್ರು. ಅವಳು ಹೇಳಿದ್ದು ಒಂದೇ ಮಾತು. 'ಅಷ್ಟೊಂದು ಸಂಜೆ ನಮಗೆ ಕೊಟ್ಟಿದಾನೆ. ನಾವು ಅವನಿಗೆ ಒಂದು ಸಂಜೆ ಬಿಟ್ಟುಕೊಡಬಾರ್ದಾ?' ಅಂತ." ಅವನು ಕಣ್ಣೊರೆಸಿಕೊಂಡ. "ಅವಳಿಗೋಸ್ಕರ ನಿಮ್ಮ ಹೆಸರು ಇಲ್ಲಿ ಇರಬೇಕಿತ್ತು. ನನಗೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಎವೆಲಿಯೊ ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ ಹುಡುಗನ ತಲೆಯ ಮೇಲಿಟ್ಟ.

"ನಿಮ್ಮಮ್ಮ ದೊಡ್ಡವಳು ಕಣಪ್ಪಾ. ನಾನು ಎಸೆದಿದ್ದಕ್ಕೆ ಇವತ್ತು ಸಂಬಳ ಬಂತು." ಆಮೇಲೆ ಮಗಳ ಕಡೆ ತಿರುಗಿದ. "ದಯಾಮಿ, ನಿಮ್ಮತ್ತೆಗೆ ಫೋನ್ ಮಾಡು. ಬರಲ್ಲ ಅಂತ ಹೇಳು."

ಆಮೇಲೆ ಎವೆಲಿಯೊ ಇವರಿಬ್ಬರ ಕೈಗೆ ಸಿಗಲಿಲ್ಲ. ಸೆಲೆಸ್ತಿನೊ ತಾತ ಅವನನ್ನು ಬೆಂಚಿನ ನಡುವೆ ಕೂರಿಸಿಕೊಂಡ, ಯಾರೋ ಕಾಫಿ ತಂದರು, 'ಎಲ್ಲರಿಗಿಂತ ದೊಡ್ಡ ಪಿಚರ್ ಯಾರು, ನೀನೇ ಹೇಳಿಬಿಡು' ಎಂದು ಮತ್ತೆ ಜಗಳ ಶುರುವಾಯಿತು.

ದಯಾಮಿ ಮರದಡಿ ನಿಂತಿದ್ದಳು. ಯೋಸ್ವಾನಿ ಬಂದು ಒಂದು ಮಾರು ದೂರದಲ್ಲೇ ನಿಂತ. ಅವನ ಅಂಗಿಯ ಎದೆಯ ಮೇಲೆ ಆ ನೀಲಿ ಕಲೆ ಮಸುಕಾಗಿ ಇನ್ನೂ ಇತ್ತು.

"ಒಗೆದ್ರೂ ಹೋಗ್ಲಿಲ್ವಾ?"

"ಪೂರ್ತಿ ಉಜ್ಜಿ ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಅವಳ ಕಣ್ಣು ತುಂಬಿತು. "ನಿನ್ನ ಮಾತು ಕೇಳದೆ ಬಾಗಿಲು ಹಾಕ್ಕೊಂಡೆ. ನೀನು ನಮ್ಮಪ್ಪನ್ನ ಇಷ್ಟು ವರ್ಷ ಕಾಪಾಡಿದೀಯ... ಹೇಗೆ ತೀರಿಸ್ಲಿ ಯೋಸ್ವಾನಿ?"

"ಸೇತುವೆ ಮೇಲೆ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬಾಕಿ ಇದೆ."

"ಹೂಂ," ಎಂದಳು. ಅಷ್ಟೇ. ಅಷ್ಟಕ್ಕೇ ಅವನ ಮುಖ ಅರಳಿತು. ಒಂದು ಮಾರಿನ ದೂರ ಹೇಗೆ ಮುಗಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಆಚೆಯಿಂದ ಬ್ಯಾಂಡಿನವರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಕದಲಲಿಲ್ಲ.

"ಆದ್ರೆ ಒಂದು ಚಿಂತೆ," ಎಂದ ಅವಳ ಕಿವಿಯ ಬಳಿ. "ಮಾವನ ಎದುರಿಗೇ ಇನ್ಮೇಲೆ ಹೇಗೆ ಬೈಯೋದು? ಬೈಯೋರಿಲ್ದೆ ಹೋದ್ರೆ ಊರು ಮರೆತುಬಿಡುತ್ತೆ."

ದಯಾಮಿ ಅವನ ಎದೆಯ ನೀಲಿ ಕಲೆಯ ಮೇಲೆ ಅಂಗೈಯಿಟ್ಟು ಅಳುತ್ತಲೇ ನಕ್ಕಳು.

"ಒಂದು ವಾರ ನೀನು ಬೈಯಿ, ಒಂದು ವಾರ ನಾನು ಬೈತೀನಿ."