ಆಟಿ ಪಾಯಸದ ಮರುದಿನ

"ನಂದೇ ಹೆಚ್ಚು ಕೆಂಪು. ಬೇಕಾದರೆ ಬಂದು ನೋಡು."

ಬಾಳೆಗಿಡಗಳ ಮರೆಯಿಂದ ಹುಡುಗ ಅಪ್ಪಯ್ಯ ಕೂಗಿದ.

"ಥೂ, ನಂಗೆ ನೋಡುದು ಬೇಡ. ನಂದೂ ಕೆಂಪೇ," ಎಂದಳು ಅವನ ಅಕ್ಕ ಯಮುನ.

ಸಂಪಾಜೆಯಲ್ಲಿ ಜೋರು ಮಳೆಯ ಆಟಿ ತಿಂಗಳ ಒಂದು ದಿನ ಎಲ್ಲರ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಪಾಯಸ ಉಂಡ ಮರುದಿನ ಉಚ್ಚೆ ಕೆಂಪಗೆ ಬರುತ್ತದೆ. ಬಂದರೆ ಮದ್ದು ಮೈಗೆ ಹಿಡಿಯಿತು ಎಂದು ಲೆಕ್ಕ. ಅವತ್ತು ಶಾಲೆಯ ದಾರಿಯಲ್ಲಿ ಮಕ್ಕಳಿಗೆ ಬೇರೆ ಮಾತೇ ಇರುವುದಿಲ್ಲ.

ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು.

"ಅಜ್ಜಿ, ನಿಂಗೆ ಕೆಂಪು ಬಂತಾ?" ಯಮುನ ಕೇಳಿದಳು.

"ಎಂಥದೂ ಬಂದಿಲ್ಲೆ ಮಗ. ಮದ್ದಿಗೂ ನನ್ನ ಮೇಲೆ ಸಿಟ್ಟು." ಅಜ್ಜಿ ನಕ್ಕಳು. ನಕ್ಕಿದ್ದಕ್ಕೇ ಏದುಸಿರು ಬಂತು.

ಸಂಜೆ ಕೇಳಿದಾಗಲೂ ಅದೇ ಉತ್ತರ.

ಅಜ್ಜಿಯ ಕಾಲು ಊದಿ ಬಹಳ ದಿನವಾಗಿತ್ತು. ನಾಟಿ ಗದ್ದೆಯ ನೀರಲ್ಲಿ ನಿಂತದ್ದಕ್ಕೆ ಹಾಗಾಗಿದೆ ಎಂದು ಅಪ್ಪ ಬೋಜಪ್ಪ ದಿನಾ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಡುತ್ತಿದ್ದ. ಅವತ್ತು ಯಮುನ ಎಣ್ಣೆ ಹಚ್ಚಲು ಕೂತಳು.

ಒತ್ತಿದ ಹೆಬ್ಬೆರಳನ್ನು ಅವಳು ತೆಗೆದ ಮೇಲೂ ಅಜ್ಜಿಯ ಕಾಲಲ್ಲಿ ಗುಳಿ ಹಾಗೇ ಉಳಿಯಿತು. ಯಮುನ ಬಗ್ಗಿ ನೋಡಿದಳು. ಮರಳಿನ ಗುಂಡಿಯಲ್ಲಿ ನೀರು ಒಸರುವ ಹಾಗೆ, ಗುಳಿ ನಿಧಾನವಾಗಿ ತುಂಬಿಕೊಂಡಿತು.

"ಅಪ್ಪ, ಅಜ್ಜಿ ಕುಡಿದ ನೀರು ಕಾಲಲ್ಲೇ ನಿಂತಿದೆ."

"ಎಂಥ ಮಾತು ನಿಂದು. ಗದ್ದೆಗೆ ಇಳಿದವರ ಕಾಲು ಊದದೆ ಇರ್ತದಾ?"

"ನಿಂಗೆ ಕೆಂಪು ಬಂತು. ಎಲ್ಲರಿಗೂ ಬಂತು. ಅಜ್ಜಿಗೆ ಮಾತ್ರ ಬಂದಿಲ್ಲೆ. ಅಷ್ಟು ಪಾಯಸ, ಅಷ್ಟು ಗಂಜಿ, ಎಲ್ಲ ಎಲ್ಲಿಗೆ ಹೋಯ್ತು?"

ಬೋಜಪ್ಪ ತಾನೇ ಕೂತು ಅಜ್ಜಿಯ ಕಾಲನ್ನು ಒತ್ತಿದ. ಆ ಗುಳಿಯನ್ನು ಬಹಳ ಹೊತ್ತು ನೋಡಿದ.

ಬೆಳಗಾದ ಕೂಡಲೆ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಹೊರಟ. ಮನೆಯಲ್ಲಿದ್ದ ಒಂದೇ ಗೊರಬೆಯನ್ನು ಅವಳಿಗೆ ಹೊದಿಸಿ ತಾನು ಮಳೆಯಲ್ಲಿ ನೆನೆದ. ಯಮುನ ಬಾಳೆ ಎಲೆ ಹಿಡಿದು ಹಿಂದೆ ನಡೆದಳು. ರಸ್ತೆಯಲ್ಲಿ ಬಿಳಿ ದೊರೆಯ ತೋಟದ ಲಾರಿ ಸಿಕ್ಕಿತು. ಡ್ರೈವರ್ ಮಾಯಿಲಪ್ಪ ಏನೂ ಕೇಳದೆ, ತನ್ನ ಕಂಬಳಿ ಮಡಚಿ ಅಜ್ಜಿಯ ಕಾಲಡಿ ಇಟ್ಟ.

ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರೂ ಮೊದಲು ಹೆಬ್ಬೆರಳಿಂದ ಒತ್ತಿದರು.

"ಹೃದಯಕ್ಕೆ ಸುಸ್ತಾಗಿದೆ. ಹೊರಗೆ ಹೋಗಬೇಕಾದ ನೀರು ಮೈಯೊಳಗೇ ನಿಂತಿದೆ. ಇನ್ನೂ ತಡ ಮಾಡಿದ್ದರೆ ಉಳಿಸುದು ಕಷ್ಟ ಇತ್ತು." ಅವರು ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು.

ಮರುದಿನ ಅಜ್ಜಿ ಗೋಡೆಗೆ ಒರಗಿ ಸಲೀಸಾಗಿ ಉಸಿರಾಡುತ್ತಿದ್ದಳು. "ಕೊಡಗಟ್ಟಲೆ ಹೋಯ್ತು ಮಗ. ಇಷ್ಟೆಲ್ಲ ಎಲ್ಲಿ ಇಟ್ಕೊಂಡಿದ್ದೆನೋ."

"ಕೆಂಪು?"

ಅಜ್ಜಿ ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ಒಂಚೂರು."

ನೆರೆ ಇಳಿದ ಮೇಲೆ ಹೊಳೆಯ ಕಲ್ಲು ಕಾಣುವ ಹಾಗೆ, ಅಜ್ಜಿಯ ಕಾಲಿನ ಗಂಟು ಮೇಲೆದ್ದಿತ್ತು. ಯಮುನ ಅದನ್ನು ಮೆಲ್ಲಗೆ ಮುಟ್ಟಿದಳು. ಆಮೇಲೆ ತನ್ನ ಕಾಲನ್ನು ಒತ್ತಿದಳು. ಬೆರಳು ತೆಗೆದೊಡನೆ ಚರ್ಮ ಮೊದಲಿನಂತಾಯಿತು.

ಅವಳು ಓಡುವಾಗ, ಪಾಠ ಕೇಳುವಾಗ, ನಿದ್ದೆ ಹೋದಾಗಲೂ ಒಳಗೆ ಯಾರೋ ಸದ್ದಿಲ್ಲದೆ ನೀರು ಹರಿಸುತ್ತಲೇ ಇದ್ದರು.

ಯಮುನ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸತೊಡಗಿದಳು.