ಕಪ್ಪೆಚಿಪ್ಪಿನ ಸದ್ದು

ಪದ್ಮಶ್ರೀ ಅವನ ಮುಖ ನೋಡುವುದಕ್ಕೆ ಮುಂಚೆ ಅವನ ಪಾದ ನೋಡಿದ್ದಳು.

ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಗಾಗಿತ್ತು. ಅದು ನೀರಿನ ಟ್ಯಾಂಕರಿನ ಪೈಪು ಜಾರಿ ಬಿದ್ದ ಗುರುತು ಅನ್ನುವುದು ಅವಳಿಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಪುಟ್ಟೇನಹಳ್ಳಿ ಕೆರೆಯ ಪಕ್ಕ ಒಂದು ಖಾಲಿ ಸೈಟು. ಭಾನುವಾರ ಸಂಜೆ ಅಲ್ಲಿ ಜಡೆ ಕೋಲಾಟದ ಅಭ್ಯಾಸ. ಮೇಲೆ ಕಟ್ಟಿದ ಕಬ್ಬಿಣದ ಬಳೆಯಿಂದ ಎಂಟು ಬಣ್ಣದ ಹಗ್ಗ ಇಳಿಬಿದ್ದಿರುತ್ತಿದ್ದವು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ಪುಟ್ಟೇನಹಳ್ಳಿಯ ನಾಲ್ವರು ಹೆಂಗಸರದು ಒಂದು ಸುತ್ತು, ಮಾಕಳಿಯ ನಾಲ್ವರು ಗಂಡಸರದು ಎದುರು ಸುತ್ತು. ಒಬ್ಬರ ಹಗ್ಗದ ಕೆಳಗೆ ನುಸುಳಿ, ಇನ್ನೊಬ್ಬರದರ ಆಚೆ ಹಾದು, ಎದುರಾದವರ ಕೋಲಿಗೆ ಕೋಲು ತಾಗಿಸುತ್ತಾ ಹೋದರೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತದೆ. ಆಮೇಲೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ನಡೆದು ಅದನ್ನು ಬಿಚ್ಚಬೇಕು. ಒಬ್ಬರು ತಪ್ಪಿದರೂ ಎಲ್ಲರ ಹಗ್ಗವೂ ಗಂಟು.

ಪದ್ಮಶ್ರೀ ಒಂದು ದಿನವೂ ತಪ್ಪಿದವಳಲ್ಲ. ಆದರೆ ತಲೆ ಎತ್ತಿದವಳೂ ಅಲ್ಲ. ಎದುರು ಬರುವ ಪಾದ ನೋಡಿಕೊಂಡೇ ಆಡುತ್ತಿದ್ದಳು. ಕಪ್ಪು ಉಗುರಿನ ಪಾದ ಬಂದಾಗ ಮಾತ್ರ ಅವಳ ಕೋಲು ಸ್ವಲ್ಪ ಮೆತ್ತಗೆ ತಾಗುತ್ತಿತ್ತು.

"ಏನ್ ಪದ್ಮವ್ರೇ, ನಮ್ ಮುಖ ನೋಡೋಕೆ ಟೋಲ್ ಏನೂ ಕಟ್ಟಂಗಿಲ್ಲ ಕಣ್ರೀ," ಅಂದ ಒಂದು ಸಂಜೆ ಆ ಕಪ್ಪು ಉಗುರಿನ ಯೋಗಾನಂದ.

"ಅಣ್ಣಾ, ಸುಮ್ನಿರಿ. ಪದ್ದಕ್ಕ ಮುಖ ನೋಡಿದ್ರೆ ಹೆಜ್ಜೆ ಮರ್ತೋಗ್ತಾಳೆ," ಎಂದು ಪಕ್ಕದ ಮನೆಯ ಮೋನಿಷಾ ಕಿಸಕ್ಕನೆ ನಕ್ಕಳು.

ಪದ್ಮಶ್ರೀ ಹಗ್ಗದ ತುದಿ ನೋಡುತ್ತಾ ನಿಂತಳು. ಕಿವಿ ಮಾತ್ರ ಕೆಂಪಾಗಿತ್ತು. ಅವನಿಗೆ ಅಷ್ಟೇ ಸಾಕಾಗಿತ್ತು.

ಅವಳದು ಹಾಗೇ ಮೊದಲಿನಿಂದ. ವಯಸ್ಸು ಮೂವತ್ತು ದಾಟಿತ್ತು. ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟಿ ಸಂಸಾರಕ್ಕೆ ಆಸರೆಯಾಗಿದ್ದಳು. ಮದುವೆ ಮನೆಗೆ ಹೋದರೆ ಎಲೆ ಮುಂದೆ ಕೂರುತ್ತಿರಲಿಲ್ಲ. ನಾಲ್ಕು ಜನರೆದುರು ಬಾಯಿ ಆಡಿಸಲು ನಾಚಿಕೆ. ಮನೆಗೆ ಬಂದು ತಣ್ಣಗಾದ ಸಾರಿಗೆ ಮುದ್ದೆ ಮುರಿದುಕೊಂಡು ತಿನ್ನುತ್ತಿದ್ದಳು. ಬಂದ ಗಂಡುಗಳ ಮುಂದೆ ಒಂದು ಮಾತೂ ಆಡದೆ ನಿಂತು, ಮೂಗಿ ಇರಬೇಕು ಅನ್ನಿಸಿಕೊಂಡಿದ್ದೂ ಉಂಟು. ಅವಳ ತಾಯಿ ಮುನಿನಾರಾಯಣಮ್ಮ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು.

ಕೋಲಾಟ ಕಲಿಸುತ್ತಿದ್ದ ಮುದುಕ ಬ್ಯಾಟರಾಯಪ್ಪ ಆ ಚಳಿಗಾಲದಲ್ಲಿ ತಾಳ ಕೆಳಗಿಟ್ಟು ಸುದ್ದಿ ಹೇಳಿದರು. "ಕಾರವಾರದಾಗೆ ಕಡಲ ಉತ್ಸವ ಅಂತೆ. ನಮ್ ಜಡೆ ಕೋಲಾಟಾನ ಕರೆದವ್ರೆ."

ಎಲ್ಲರೂ ಹೋ ಅಂದರು. ಪದ್ಮಶ್ರೀ ಮಾತ್ರ ಹಗ್ಗ ಸುತ್ತುತ್ತಾ ಸಣ್ಣ ದನಿಯಲ್ಲಿ ಅಂದಳು, "ನಾನ್ ಬರಲ್ಲ ತಾತ."

ಎಲ್ಲರೂ ಚದುರಿದ ಮೇಲೆ ಯೋಗಾನಂದ ಉಳಿದ ಹಗ್ಗಗಳನ್ನು ಬಿಚ್ಚುವ ನೆಪದಲ್ಲಿ ಹತ್ತಿರ ಬಂದ.

"ಯಾಕೆ ಬರಲ್ಲ?"

"ಭಯ ಕಣ್ರೀ. ಘಾಟಿ ಸುಬ್ರಮಣ್ಯ ಬಿಟ್ರೆ ನಾನೆಲ್ಲೂ ಹೋಗಿಲ್ಲ. ಅಷ್ಟ್ ಜನದ ಮುಂದೆ ಸ್ಟೇಜು ಬೇರೆ."

"ನಾನೂ ಓಗಿಲ್ಲ. ದಿನಾ ನೀರ್ ಒತ್ಕಂಡ್ ತಿರುಗ್ತೀನಿ, ಸಮುದ್ರ ಮಾತ್ರ ನೋಡಿಲ್ಲ. ನಂಗೂ ಎದ್ರಿಕೇನೇ." ಅವನು ನಕ್ಕ. "ಇಬ್ರೂ ಒಟ್ಗೆ ಎದ್ರಿಕಳಾಣ, ಬನ್ನಿ."

ಆ ಮಾತು ಅವಳ ಜೊತೆ ಮನೆತನಕ ಬಂತು. ಧೈರ್ಯ ತಂದುಕೋ ಅಂದವರು ಬೇಕಾದಷ್ಟು ಜನ. ಒಟ್ಟಿಗೆ ಹೆದರೋಣ ಅಂದವನು ಇವನೊಬ್ಬನೇ.

"ಅಮ್ಮ, ನಾನು ಕಾರವಾರಕ್ಕೆ ಹೋಗ್ತೀನಿ," ಅಂದಾಗ ಮುನಿನಾರಾಯಣಮ್ಮ ಒಲೆ ಆರಿಸಿ ಬಂದು ಮಗಳ ಹಣೆ ಮುಟ್ಟಿ ನೋಡಿದರು. "ಜ್ವರ ಗಿರ ಏನೂ ಇಲ್ವಲ್ಲೇ?"

*

ಹೆಂಗಸರು ಯಶವಂತಪುರದಲ್ಲಿ ರೈಲು ಹತ್ತಿದರು. ಮಾಕಳಿಯವರು ಚಿಕ್ಕಬಾಣಾವರದಲ್ಲಿ ಹತ್ತಿದರು. ಯೋಗಾನಂದ ಎದುರು ಸೀಟಿನಲ್ಲಿ ಕೂತು, ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಅವಳ ಮಡಿಲಿಗೇ ಇಟ್ಟ. ಮುಚ್ಚಳದ ಮೇಲೆ 'ಯಲ್ಲಮ್ಮ' ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿತ್ತು.

"ನಮ್ಮವ್ವ ಕಜ್ಜಾಯ ಕಳಿಸವ್ಳೆ. ನಿಮ್ಗೇ ಅಂತ."

"ನಮ್ಗಿಲ್ವಾ ಅಣ್ಣಾ?" ಅಂದಳು ಮೋನಿಷಾ.

"ನಿಮ್ಗೆ ಕಳ್ಳೇಕಾಯಿ ಐತೆ ತಗಳವ್ವ." ಮೋನಿಷಾ ಅತ್ತ ತಿರುಗಿದ ಮೇಲೆ ಅವನು ದನಿ ತಗ್ಗಿಸಿದ. "ಡಬ್ಬಿ ಮಾತ್ರ ಬರಿದು ಕೊಡ್ಬೇಡಿ. ಬರಿದು ಬಂದ್ರೆ ಅವ್ವ ಅದ್ನೇ ಉತ್ರ ಅನ್ಕತಾಳೆ. ಒಂದ್ ಚಿಟಿಕೆ ಸಕ್ರೆ ಆಕಿದ್ರೂ ಸಾಕು."

ಬಂದ ಡಬ್ಬಿಯನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು ಅನ್ನುವುದು ಯಾರ ಮನೆಯಲ್ಲಾದರೂ ಇರುವ ಮಾತೇ. ಆದರೆ ಯಲ್ಲಮ್ಮ ಅದರಲ್ಲೇ ಒಂದು ದಾರಿ ಮಾಡಿಕೊಂಡಿದ್ದಳು. ಹೆಣ್ಣು ಕೇಳುವುದಕ್ಕೆ ಮುಂಚೆ ಒಂದು ಡಬ್ಬಿ ಕಜ್ಜಾಯ ಕಳಿಸುವಳು. ಏನಾದರೂ ತುಂಬಿಕೊಂಡು ಬಂದರೆ ಎಲೆ ಅಡಿಕೆ ಹಿಡಿದು ತಾನೇ ಹೊರಡುವಳು. ಬರಿದು ಬಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಕೇಳಿದವರಿಗೂ ಅವಮಾನವಿಲ್ಲ, ಒಲ್ಲೆ ಅಂದವರಿಗೂ ಮುಜುಗರವಿಲ್ಲ. ದೊಡ್ಡ ಮಗನಿಗೆ ಹಾಗೇ ಸೊಸೆ ತಂದಿದ್ದಳು. ಅದನ್ನೆಲ್ಲ ಯೋಗಾನಂದ ಕೋಲಾಟದವರೆಲ್ಲರ ಮುಂದೆ ಎಷ್ಟೋ ಸಲ ನಗುತ್ತಾ ಹೇಳಿದ್ದ. ಪದ್ಮಶ್ರೀ ಹಗ್ಗ ಸುತ್ತುತ್ತಾ ಕೇಳಿಸಿಕೊಂಡಿದ್ದಳು. ಈಗ ಆ ಡಬ್ಬಿ ತನ್ನ ಮಡಿಲಲ್ಲೇ ಬೆಚ್ಚಗೆ ಕೂತಿತ್ತು.

"ತಿನ್ನಿ," ಅಂದ.

ಅವಳು ಸುತ್ತ ನೋಡಿ ತಲೆ ಅಲ್ಲಾಡಿಸಿದಳು.

"ಗೊತ್ತು ಬಿಡಿ. ಸಕಲೇಶಪುರ ದಾಟ್ಲಿ. ಸುರಂಗ ಬರ್ತವೆ. ಕತ್ಲೆಯಾಗೆ ಯಾರ್ ನೋಡ್ತಾರೆ?"

ಘಟ್ಟದಲ್ಲಿ ಮೊದಲ ಸುರಂಗ ಬಂತು. ಹಗಲಾದ್ದರಿಂದ ಬೋಗಿಯ ದೀಪ ಹಾಕಿರಲಿಲ್ಲ. ಆ ಗವ್ವೆನ್ನುವ ಕತ್ತಲಲ್ಲಿ ಪದ್ಮಶ್ರೀ ಮುಚ್ಚಳ ತೆಗೆದು ಅರ್ಧ ಕಜ್ಜಾಯ ಬಾಯಿಗೆ ಹಾಕಿಕೊಂಡಳು. ಬೆಳಕು ಬಂದಾಗ ಕೈ ಮಡಿಲಲ್ಲಿತ್ತು, ಕೆನ್ನೆ ಉಬ್ಬಿತ್ತು. ಅವನು ಕಿಟಕಿಯಾಚೆ ನೋಡುತ್ತಲೇ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳ ತುಟಿಗೆ ಗಸಗಸೆ ಅಂಟಿತ್ತು. ಅವಳು ಸೆರಗಿನಲ್ಲಿ ಒರೆಸಿಕೊಂಡು ನಕ್ಕಳು.

"ಇನ್ನೂ ಬೇಕಾದಷ್ಟು ಸುರಂಗ ಐತೆ," ಅಂದ ಅವನು. "ಅವಸರ ಇಲ್ಲ."

ಆ ದಾರಿ ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.

*

ಕಡಲ ಗಾಳಿ ಬ್ಯಾಟರಾಯಪ್ಪನವರ ಲೆಕ್ಕವನ್ನೆಲ್ಲ ಕೆಡಿಸಿತು. ಸ್ಟೇಜಿನ ಮೇಲೆ ಹಗ್ಗಗಳು ಹಾವಿನಂತೆ ಹೊಯ್ದಾಡತೊಡಗಿದವು. ಪಾದ ನೋಡಿಕೊಂಡು ಆಡಿದರೆ ಹಗ್ಗ ಎಲ್ಲಿದೆ ಎಂದೇ ತಿಳಿಯದು. ಒಂದು ಸುತ್ತು ತಡವರಿಸಿ, ಇನ್ನೇನು ಗಂಟಾಗುತ್ತದೆ ಅನ್ನುವಾಗ ಪದ್ಮಶ್ರೀ ತಲೆ ಎತ್ತಿದಳು.

ಎದುರಿಗೆ ಅವನಿದ್ದ. ಅಗಲವಾದ ಹಣೆ, ಹುಬ್ಬಿನ ಹತ್ತಿರ ಸಣ್ಣ ಮಚ್ಚೆ, ಹೆದರಿದ ಕಣ್ಣು. ಇಷ್ಟು ದಿನ ಇದನ್ನು ನೆಟ್ಟಗೆ ನೋಡದೆ ಏನು ನೋಡುತ್ತಿದ್ದೆ ಅಂದುಕೊಂಡಳು. ಕೋಲಿಗೆ ಕೋಲು ತಾಗಿತು. ಮುಂದಿನ ಸುತ್ತಿನಲ್ಲಿ ಮತ್ತೆ ಅವನು, ಈ ಸಲ ನಗುತ್ತಿದ್ದ. ಮೇಲಿನಿಂದ ಜಡೆ ಹೆಣೆದುಕೊಂಡು ಬಂತು, ಹಾಗೇ ಬಿಚ್ಚಿಕೊಂಡಿತು. ಜನ ಸಿಳ್ಳೆ ಹೊಡೆದರು. ಅವಳಿಗೆ ನಾಚಿಕೆಯೇ ಆಗಲಿಲ್ಲ.

ಮಾರನೆಯ ಬೆಳಗ್ಗೆ ಎಲ್ಲರೂ ಕಡಲಿಗೆ ಇಳಿದರು. ಇಬ್ಬರು ಮಾತ್ರ ಒಣ ಮರಳಿನಲ್ಲಿ ನಿಂತಿದ್ದರು.

"ನೀವ್ ಮೊದ್ಲು," ಅಂದ ಅವನು.

"ನೀವ್ ಮೊದ್ಲು."

"ನಾನ್ ಟ್ಯಾಂಕರ್ ನೀರ್ನೋನು. ಇಷ್ಟೊಂದ್ ನೀರ್ ಕಂಡ್ರೆ ಕಾಲೇ ಬರ್ತಿಲ್ಲ."

ಪದ್ಮಶ್ರೀ ಸೀರೆ ಸ್ವಲ್ಪ ಎತ್ತಿ ಹಿಡಿದು ನಡೆದಳು. ಅಲೆ ಬಂದು ಮೊಣಕಾಲಿಗೆ ಬಡಿಯಿತು. ಕಾಲಡಿಯ ಮರಳು ಜಾರಿದಾಗ ಕಿರುಚಿದಳು, ಆಮೇಲೆ ನಕ್ಕಳು. ಇಷ್ಟು ಜೋರಾಗಿ ನಗುವುದು ತನಗೆ ಬರುತ್ತದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ. ಹಿಂದಿರುಗಿ "ಬನ್ರೀ!" ಎಂದು ಕೂಗಿದಳು. ಯೋಗಾನಂದ ಬಂದ.

ವಾಪಸ್ ಬರುವಾಗ ಅವಳು ಬಗ್ಗಿ ಬಗ್ಗಿ ಕಪ್ಪೆಚಿಪ್ಪು ಆರಿಸಿದಳು. ಸಣ್ಣವು, ನಸುಗೆಂಪಿನವು, ಒಡೆಯದವು.

"ಅಷ್ಟೊಂದ್ ಯಾತಕ್ಕೆ?"

"ಒಬ್ರ ಮನೆಗೆ ಕೊಡೋದಿದೆ," ಅಂದಳು. ಮುಖ ನೋಡಿಯೇ ಅಂದಳು. ಅವನು ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದ.

*

ಹಿಂದಿರುಗುವ ರೈಲಿನಲ್ಲಿ, ಘಟ್ಟದ ಸುರಂಗದ ಕತ್ತಲಲ್ಲಿ, ಅವಳು ತೊಳೆದ ಡಬ್ಬಿಗೆ ಕಪ್ಪೆಚಿಪ್ಪು ತುಂಬಿ ಮುಚ್ಚಳ ಒತ್ತಿದಳು. ಅಲ್ಲಿತನಕ ಎಲ್ಲ ಸರಿಯಾಗಿತ್ತು.

ಸಂಜೆ ರೈಲು ಚಿಕ್ಕಬಾಣಾವರಕ್ಕೆ ಬಂತು. ಅಲ್ಲಿ ನಿಲ್ಲುವುದೇ ಸ್ವಲ್ಪ ಹೊತ್ತು. ಮಾಕಳಿಯವರು ಚೀಲ ಹೆಗಲಿಗೇರಿಸಿ ದಡದಡ ಇಳಿದರು. ಯೋಗಾನಂದ ಪ್ಲಾಟ್‌ಫಾರ್ಮಿನ ಮೇಲೆ, ಅವಳ ಕಿಟಕಿಯ ಮುಂದೆ ನಿಂತ. ಕಿಟಕಿಯ ಸರಳಿನ ಸಂದಿಯಲ್ಲಿ ಡಬ್ಬಿ ತೂರುವಂತಿರಲಿಲ್ಲ. ಪದ್ಮಶ್ರೀ ಎದ್ದು ಬಾಗಿಲ ಕಡೆ ಹೆಜ್ಜೆಯಿಟ್ಟಳು.

ಡಬ್ಬಿ ಗಲಗಲ ಅಂದಿತು.

"ಅಯ್ಯೋ, ಏನೇ ಅದು ಗೆಜ್ಜೆ ಥರ?" ಮೋನಿಷಾ ದೊಡ್ಡ ದನಿ ತೆಗೆದಳು. "ಪದ್ದಕ್ಕ ಡಬ್ಬಿ ತುಂಬ್ಸಿ ಕೊಡ್ತಾವ್ಳೆ ಕಣ್ರೋ! ಯಲ್ಲಮ್ಮನ ಮನೆಗೆ ಸೊಸೆ ಸಿಕ್ಕುದ್ಲು!"

ಬೋಗಿಯೆಲ್ಲ ಹೋ ಎಂದು ನಕ್ಕಿತು. ಪರಿಚಯವಿಲ್ಲದವರೂ ಕತ್ತು ಹೊರಳಿಸಿ ನೋಡಿದರು. ಬ್ಯಾಟರಾಯಪ್ಪನವರೂ ನಕ್ಕರು. ಯಾರದೂ ಕೆಟ್ಟ ನಗುವಲ್ಲ. ಆದರೆ ಅವಳಿಗೆ ಅಷ್ಟೂ ಕಣ್ಣು ಒಟ್ಟಿಗೆ ಮೈಮೇಲೆ ಬಿದ್ದ ಹಾಗಾಯಿತು. ಸ್ಟೇಜಿನ ಮೇಲೆ ಸಾವಿರ ಜನ ನೋಡಿದಾಗ ಇಲ್ಲದ ನಾಚಿಕೆ ಎಲ್ಲಿತ್ತೋ, ಬಂದು ಕೈ ಹಿಡಿದುಕೊಂಡಿತು.

"ಏ, ಏನಿಲ್ಲ, ಹಂಗೇನಿಲ್ಲ," ಅಂದಳು. ಮುಚ್ಚಳ ತೆಗೆದಳು. ಕಪ್ಪೆಚಿಪ್ಪನ್ನೆಲ್ಲ ಸೆರಗಿಗೆ ಸುರಿದುಕೊಂಡಳು. ಬಾಗಿಲಿಗೆ ಹೋಗಿ, ತಲೆ ತಗ್ಗಿಸಿ, ಬರಿದು ಡಬ್ಬಿಯನ್ನು ಅವನ ಕೈಗಿಟ್ಟಳು.

ಯೋಗಾನಂದ ಅದನ್ನು ಕೈಯಲ್ಲೇ ಒಂದು ಸಲ ತೂಗಿ ನೋಡಿದ. ರೈಲು ಕದಲಿತು.

"ಆಯ್ತು ಬಿಡಿ," ಅಂದ. ಮೆತ್ತಗೆ ಅಂದ.

ಅವಳಿಗೆ ಕಂಡದ್ದು ಕಪ್ಪು ಉಗುರಿನ ಪಾದ ಮಾತ್ರ. ಅದು ಒಂದು ಹೆಜ್ಜೆ ರೈಲಿನ ಜೊತೆ ಬಂದು, ಅಲ್ಲೇ ನಿಂತಿತು.

*

ಮುಂದಿನ ಭಾನುವಾರ ಹೇಳಿದರಾಯಿತು ಅಂದುಕೊಂಡಳು. ಆ ಭಾನುವಾರ ಅವನು ಬರಲಿಲ್ಲ. ಬೇಸಿಗೆ ಶುರುವಾಯಿತು, ಟ್ಯಾಂಕರಿಗೆ ಬಿಡುವಿಲ್ಲ, ಬರೋಕಾಗಲ್ಲ ಎಂದು ಕೋಲಾಟದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ. ಅವನ ನಂಬರು ಅಲ್ಲೇ ಇತ್ತು. ಪದ್ಮಶ್ರೀ ಕುಚ್ಚಿನ ದಾರ ಬದಿಗಿಟ್ಟು ಎಷ್ಟೋ ಮಧ್ಯಾಹ್ನ ಮೆಸೇಜ್ ಬರೆದಳು, ಅಳಿಸಿದಳು. ಇಂಥ ಮಾತನ್ನು ಫೋನಿನಲ್ಲಿ ಹೇಗೆ ಹೇಳುವುದು? ಎದುರು ಬರಲಿ. ಈಗ ತಲೆ ಎತ್ತುವುದು ಬರುತ್ತದಲ್ಲ.

ಎದುರು ಬಂದ. ಮಳೆಗಾಲದ ಮೊದಲಲ್ಲಿ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದು ಮನೆಗೇ ಬಂದ. ಕೈಯಲ್ಲಿ ಅದೇ ಡಬ್ಬಿ.

"ಹೆಸರುಘಟ್ಟದ ಹುಡುಗಿ," ಅಂದ ಮುನಿನಾರಾಯಣಮ್ಮನಿಗೆ. "ಅವ್ವ ಕಜ್ಜಾಯ ಕಳಿಸವ್ಳೆ."

ಮುನಿನಾರಾಯಣಮ್ಮ ಕಾಫಿಗೆ ನೀರಿಡಲು ಒಳಗೆ ಹೋದರು. ಪದ್ಮಶ್ರೀ ಕುಚ್ಚು ಕಟ್ಟುತ್ತಿದ್ದ ಸೀರೆಯನ್ನು ಮಡಿಲಿನಿಂದ ಇಳಿಸಿ, ತಲೆ ಎತ್ತಿ ಅವನನ್ನು ನೋಡಿದಳು.

"ಅವತ್ತು ಡಬ್ಬಿ ಬರಿದಾಗಿರ್ಲಿಲ್ಲ," ಅಂದಳು.

ಅವನು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟ.

"ತುಂಬಿದ್ದೆ. ಎಲ್ರೂ ನಕ್ರಲ್ಲ, ನಾಚ್ಕೆ ಆಗಿ ತೆಗೆದ್ಬಿಟ್ಟೆ. ಬೇಡ ಅಂತಲ್ಲ. ನಂಗೆ ನೀವಂದ್ರೆ..." ತಲೆ ಮಾತ್ರ ತಗ್ಗಿಸಲಿಲ್ಲ. "ನೀವಂದ್ರೆ ಇಷ್ಟ ಇತ್ತು. ಹೇಳ್ಬೇಕಾಗಿತ್ತು."

"ಕೇಳಿಸ್ತು ನಂಗೆ," ಅಂದ ಯೋಗಾನಂದ.

"ಏನು?"

"ಸದ್ದು. ಗಲಗಲ ಅಂದಿದ್ದು. ಜೀವ ಬಾಯಿಗ್ ಬಂದಿತ್ತು. ಆಮೇಲೆ ನಿಂತೋಯ್ತು. ಬಾಗ್ಲಿಗ್ ಬರ್ತಾ ಬರ್ತಾ ಯೋಚ್ನೆ ಮಾಡಿ, ಬ್ಯಾಡ ಅಂತ ನೀವೇ ತಗದ್ರಿ ಅನ್ಕಂಡೆ." ಅವನು ಪತ್ರಿಕೆಯ ಅರಿಶಿನದ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. "ಅವ್ವನ್ ಮುಂದೆ ಬರಿದು ಡಬ್ಬಿ ಇಟ್ಟೆ. ಅವ್ಳೇನೂ ಕೇಳ್ಲಿಲ್ಲ. ನಾನಾದ್ರೂ ನಿಮ್ಮನ್ನ ಒಂದ್ ಮಾತು ಕೇಳ್ಬೋದಾಗಿತ್ತು. ನಂಗೂ ಎದ್ರಿಕೆ."

ಒಟ್ಟಿಗೆ ಹೆದರೋಣ ಅಂದಿದ್ದನಲ್ಲ. ಹಾಗೇ ಆಗಿತ್ತು. ಒಂದೇ ಹೆದರಿಕೆ, ಅವನದು ಪ್ಲಾಟ್‌ಫಾರ್ಮಿನಲ್ಲಿ, ಅವಳದು ಬಾಗಿಲಲ್ಲಿ.

"ಆ ಹುಡುಗಿ ಒಳ್ಳೇವ್ಳಾ?" ಎಂದು ಕೇಳಿದಳು.

"ಒಳ್ಳೇವ್ಳೇ. ನಂಬ್ಕಂಡವ್ಳೆ."

"ಹಂಗಾದ್ರೆ ಸರಿ."

ಕಾಫಿ ಬಂತು. ಅವನು ಅದನ್ನು ಬಿಸಿಬಿಸಿಯಾಗಿಯೇ ಕುಡಿದು ಎದ್ದ. ಪದ್ಮಶ್ರೀ ಕಜ್ಜಾಯಗಳನ್ನು ತಟ್ಟೆಗೆ ತೆಗೆದಳು. ಅಮ್ಮನೂ ಅವನೂ ನೋಡುತ್ತಿರುವಾಗಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಒಳಗೆ ಹೋಗಿ ಡಬ್ಬಿಗೆ ಸಕ್ಕರೆ ಸುರಿದಳು. ಒಂದು ಚಿಟಿಕೆಯಲ್ಲ, ಕಂಠದವರೆಗೆ.

ಗೇಟಿನ ಹತ್ತಿರ ಅದನ್ನು ಅವನ ಕೈಗೆ ಕೊಟ್ಟಳು. ಅವನು ತೂಗಿ ನೋಡಿದ. ಆಮೇಲೆ ಕೇಳಿದ, "ಆ ಚಿಪ್ಪು ಇನ್ನೂ ಐತಾ?"

"ಇದೆ."

"ಒಂದ್ ಕೊಡಿ. ಗಾಡಿ ಮುಂದೆ ಇಟ್ಕತೀನಿ."

ಪದ್ಮಶ್ರೀ ಅವನ ಹುಬ್ಬಿನ ಪಕ್ಕದ ಮಚ್ಚೆಯನ್ನು ನೋಡಿದಳು. ಕೊಡಬೇಕೆಂದು ಪ್ರಾಣ ಹೊಡೆದುಕೊಂಡಿತು.

"ಬೇಡ ರೀ," ಅಂದಳು. "ಗಾಡಿ ಅಲ್ಲಾಡಿದ್ರೆ ಅದು ಸದ್ದು ಮಾಡುತ್ತೆ."

ಅವನು ತಲೆಯಾಡಿಸಿದ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕೆರೆಯ ಏರಿಯ ಕಡೆ ನಡೆದ. ಪದ್ಮಶ್ರೀ ಗೇಟು ಹಿಡಿದು, ಕಣ್ಣು ಕದಲಿಸದೆ, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಳು. ಒಂದು ಸಲ ತಿರುಗಿ ನೋಡಿದ್ದರೆ ಅವಳ ಕಣ್ಣು ಅವನಿಗೆ ಸಿಗುತ್ತಿತ್ತು.

ಈ ಸಲ ತಲೆ ತಗ್ಗಿಸಿ, ಪಾದ ನೋಡಿಕೊಂಡು ನಡೆದವನು ಅವನು.